ಆಫ್ರಿಕಾದ ಹಳೆಯ ಲೋಹವಸ್ತು ಸಂಗ್ರಹಿಸುವ ಮುನ್ನ: ಕಾಗದಪತ್ರ ಮೊದಲು, ಹಿತ್ತಾಳೆ ಆಮೇಲೆ

ಓದುಗರಿಂದ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಘಾನಾದಲ್ಲಿ ಕೆಲಸ ಮಾಡಿ ಬಂದವರು ಕೇಳುತ್ತಾರೆ: "ಅಲ್ಲಿಯ ಸಂತೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆ ಹಕ್ಕಿ ಕೊಂಡೆ, ಇದು ನಿಜಕ್ಕೂ ಹಳೆಯದೇ?" ಇಥಿಯೋಪಿಯಾದಲ್ಲಿ ಮೇಷ್ಟರಾಗಿದ್ದವರ ಮನೆಯವರು ಕೇಳುತ್ತಾರೆ: "ಮಾವನವರ ಟ್ರಂಕಿನಲ್ಲಿ ಬೆಳ್ಳಿ ಶಿಲುಬೆಗಳು ಸಿಕ್ಕಿವೆ, ಏನು ಮಾಡೋಣ?" ಆನ್‌ಲೈನ್ ಹರಾಜು ನೋಡುವವರದ್ದು ಇನ್ನೊಂದು: "ಬೆನಿನ್ ಕಂಚು ಕಡಿಮೆ ಬೆಲೆಗೆ ಬಂದಿದೆ, ಕೊಳ್ಳಲೇ?"

ಕೊನೆಯ ಪ್ರಶ್ನೆಗೆ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ: ಬೇಡ. ಅದು ನಕಲಿಯಾಗಿದ್ದರೆ ದುಡ್ಡು ಹೋಯಿತು, ಅಸಲಿಯಾಗಿದ್ದರೆ ನೈಜೀರಿಯಾದ ಬೆನಿನ್ ಅರಮನೆಯಿಂದ ಲೂಟಿಯಾದ ಮಾಲು ಮನೆಗೆ ಬಂತು. ಉಳಿದ ಎರಡಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ನಂಬಿರುವ ನಿಯಮ ಇಷ್ಟು. ಹಣವಾಗಿ, ತೂಕವಾಗಿ, ಒಡವೆಯಾಗಿ ಕೈಯಿಂದ ಕೈಗೆ ದಾಟುತ್ತಲೇ ಬಂದ ವಸ್ತು ನಮ್ಮ ಕೈಗೂ ಬರಬಹುದು. ದೇವರ ಸನ್ನಿಧಿಯಲ್ಲಿ ಇದ್ದದ್ದು, ಅರಮನೆಯಿಂದ ಲೂಟಿಯಾದದ್ದು, ಮಣ್ಣಿನಿಂದ ಕದ್ದು ಅಗೆದದ್ದು ಬರಬಾರದು. ಕೆಳಗಿನ ಹಂತಗಳೆಲ್ಲ ಈ ಗೆರೆಯನ್ನು ಗುರುತಿಸಿಕೊಳ್ಳುವುದಕ್ಕಾಗಿ.

ಹಂತ 1: ಒಂದೇ ಬಗೆಯ ವಸ್ತುವನ್ನು ಆರಿಸಿಕೊಳ್ಳಿ

"ಆಫ್ರಿಕನ್ ಆಂಟಿಕ್ ಸಂಗ್ರಹಿಸುತ್ತೇನೆ" ಎಂದು ಹೊರಟವರು ಬಹುಬೇಗ ಮೋಸಹೋಗುತ್ತಾರೆ. 54 ದೇಶಗಳ ಖಂಡ ಅದು. ಘಾನಾದ ಎರಕದವರಿಗೂ ಇಥಿಯೋಪಿಯಾದ ಅಕ್ಕಸಾಲಿಗರಿಗೂ ಲೋಹವೂ ಒಂದಲ್ಲ, ಧರ್ಮವೂ ಒಂದಲ್ಲ, ಕೆಲಸದ ರೀತಿಯೂ ಒಂದಲ್ಲ. ಒಂದೇ ಜಾತಿಯ ವಸ್ತುವನ್ನು ನೂರಾರು ನೋಡಿದ ಮೇಲೆ, ಮುಂದೆ ಬಂದದ್ದರಲ್ಲಿ ಏನೋ ಸರಿಯಿಲ್ಲ ಎಂಬುದು ಕಣ್ಣಿಗೆ ತಾನಾಗಿ ಹೊಳೆಯುತ್ತದೆ. ಹೊಸಬರಿಗೆ ನಾನು ಸೂಚಿಸುವುದು ಮೂರು ಬಗೆ.

ಅಕಾನ್ ಜನರ ಚಿನ್ನ ತೂಗುವ ಬಟ್ಟುಗಳು. ಈಗಿನ ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿರುವ ಅಸಾಂಟೆ, ಬೌಲೆ ಮುಂತಾದ ಸಮುದಾಯಗಳನ್ನು ಒಟ್ಟಾಗಿ ಅಕಾನ್ ಎನ್ನುತ್ತಾರೆ. ಅಲ್ಲಿ ಶತಮಾನಗಳ ಕಾಲ ಚಿನ್ನದ ಪುಡಿಯೇ ಹಣವಾಗಿತ್ತು. ಉಪ್ಪು ಕೊಳ್ಳಲಿ, ದಂಡ ಕಟ್ಟಲಿ, ಪುಡಿಯನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಕೊಡಬೇಕು. ಆ ತಕ್ಕಡಿಗೆ ಹಾಕುತ್ತಿದ್ದ ಹಿತ್ತಾಳೆಯ ಬಟ್ಟುಗಳೇ ಇವು. ಹೆಚ್ಚುಕಡಿಮೆ 1400ರಿಂದ 1900ರವರೆಗೆ ಇವುಗಳನ್ನು ಎರಕ ಹೊಯ್ದಿದ್ದಾರೆ. ಮೊದಲ ಕಾಲದವು ಬಹುತೇಕ ಜ್ಯಾಮಿತಿಯ ಆಕಾರದವು: ಚೌಕ, ಮೆಟ್ಟಿಲು, ಸುರುಳಿ. ಆಮೇಲೆ ಆಕೃತಿಗಳು ಹೆಚ್ಚಿದವು: ಮೊಸಳೆ, ಕೊಂಬು ಊದುವವನು, ಕತ್ತು ತಿರುಗಿಸಿ ಹಿಂದಕ್ಕೆ ನೋಡುವ ಸಂಕೋಫಾ ಹಕ್ಕಿ. ಒಂದೇ ಹೊಟ್ಟೆ ಹಂಚಿಕೊಂಡ ಎರಡು ಮೊಸಳೆಗಳ ಬಟ್ಟು ಸಿಕ್ಕರೆ ಅದರ ಹಿಂದೆ ಗಾದೆ ಇದೆ: ಹೊಟ್ಟೆ ಒಂದೇ ಆದರೂ ತುತ್ತಿಗಾಗಿ ಕಿತ್ತಾಡುತ್ತವೆ. ಗೋಲ್ಡ್ ಕೋಸ್ಟ್‌ನ (ಈಗಿನ ಘಾನಾದ) ಬ್ರಿಟಿಷ್ ಆಡಳಿತ 1889ರಲ್ಲಿ ಚಿನ್ನದ ಪುಡಿಯ ಚಲಾವಣೆ ನಿಲ್ಲಿಸಿತು. ಬಟ್ಟುಗಳ ಕೆಲಸ ಮುಗಿಯಿತು, ಜನರೇ ಮಾರಿದರು. ಅದಕ್ಕಾಗಿಯೇ ಇವು ಲೋಕದಲ್ಲಿ ಹೇರಳವಾಗಿವೆ, ಸಣ್ಣ ಜ್ಯಾಮಿತಿ ಬಟ್ಟು ಸಾಮಾನ್ಯರ ಕೈಗೂ ಎಟುಕುತ್ತದೆ.

ಲೋಹದ ಹಣ. ಪಶ್ಚಿಮ ಆಫ್ರಿಕಾದ ಮನಿಲ್ಲಾ ಎಂಬುದು ಕುದುರೆ ಲಾಳದಂತೆ ಬಾಗಿದ ತಾಮ್ರ ಅಥವಾ ಹಿತ್ತಾಳೆಯ ಬಳೆ. ಪೋರ್ಚುಗೀಸರಿಂದ ಮೊದಲ್ಗೊಂಡು ಯುರೋಪಿನ ವ್ಯಾಪಾರಿಗಳು ಹಡಗುಗಟ್ಟಲೆ ತಂದು, ಇದನ್ನು ಕೊಟ್ಟು ಮನುಷ್ಯರನ್ನೇ ಕೊಂಡುಹೋದರು. ಕೈಯಲ್ಲಿ ಹಿಡಿಯುವಾಗ ಇದು ನೆನಪಿನಲ್ಲಿರಬೇಕು. ನೈಜೀರಿಯಾದಲ್ಲಿ 1948-49ರಲ್ಲಿ ಸರ್ಕಾರವೇ ಹಿಂದಕ್ಕೆ ಕೊಂಡಾಗ 3 ಕೋಟಿಗೂ ಹೆಚ್ಚು ಮನಿಲ್ಲಾ ಬಂದವು. ಇನ್ನೊಂದು ಕಿಸ್ಸಿ ಹಣ: ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಕಡೆಯ ಹುರಿ ಹಾಕಿದ ತೆಳು ಕಬ್ಬಿಣದ ಸರಳು. ಒಂದು ತುದಿಗೆ ‘ಕಿವಿ’, ಇನ್ನೊಂದಕ್ಕೆ ‘ಪಾದ’. ಮುರಿದರೆ ಅದರ ಪ್ರಾಣ ಹೋಯಿತು ಎಂದು ಲೆಕ್ಕ. ಶಾಸ್ತ್ರ ಬಲ್ಲವರು ವಿಧಿ ಮಾಡಿ ಜೋಡಿಸಿದ ಮೇಲೆಯೇ ಅದು ಮತ್ತೆ ಚಲಾವಣೆಗೆ. ಹಣ ಎಲ್ಲಿ ಮುಗಿಯಿತು, ಧರ್ಮ ಎಲ್ಲಿ ಶುರುವಾಯಿತು ಎಂದು ಅಲ್ಲಿ ಬೇರ್ಪಡಿಸಿ ಹೇಳಲಾಗದು. ನನಗೆ ಅಚ್ಚುಮೆಚ್ಚು ಇದೇ, ಬೆಲೆಯೂ ಕಡಿಮೆ.

ಇಥಿಯೋಪಿಯಾದ ಕೊರಳ ಶಿಲುಬೆಗಳು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ದೀಕ್ಷಾಸ್ನಾನದ ಗುರುತಾಗಿ ಕೊರಳಿಗೆ ‘ಮತೆಬ್’ ಎಂಬ ದಾರ ಕಟ್ಟುತ್ತಾರೆ. ಶಿಲುಬೆ ಅದಕ್ಕೆ ಜೋತುಬೀಳುತ್ತದೆ. ಇದು ಮನೆಮಂದಿಯ ಸ್ವಂತ ಒಡವೆ. ಕಷ್ಟಕಾಲಕ್ಕೆ ಮಾರುವುದು, ಕರಗಿಸಿ ಹೊಸದು ಮಾಡಿಸುವುದು ಎಲ್ಲವೂ ನಡೆದುಬಂದಿದೆ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು 19 ಮತ್ತು 20ನೇ ಶತಮಾನದವು. ಇವುಗಳನ್ನು ಪಾದ್ರಿಗಳ ಕೈಶಿಲುಬೆಯ ಜೊತೆಗಾಗಲಿ, ಉದ್ದ ಕೋಲಿಗೆ ಸಿಕ್ಕಿಸಿ ಮೆರವಣಿಗೆಯಲ್ಲಿ ಹಿಡಿಯುವ ದೊಡ್ಡ ಶಿಲುಬೆಯ ಜೊತೆಗಾಗಲಿ ಬೆರೆಸಬೇಡಿ. ಅವುಗಳ ಮಾತೇ ಬೇರೆ.

ಎಚ್ಚರಿಕೆ: ಮಾರುವವರು ಇಥಿಯೋಪಿಯಾದ ಎಲ್ಲವನ್ನೂ ‘ಕಾಪ್ಟಿಕ್’ ಎಂದು ಕರೆಯುತ್ತಾರೆ. ಕಾಪ್ಟಿಕ್ ಎಂದರೆ ಈಜಿಪ್ಟಿನ ಚರ್ಚ್. ಇಥಿಯೋಪಿಯಾದ ತೆವಾಹೆದೊ ಚರ್ಚ್ 1959ರಿಂದ ತನ್ನದೇ ಪರಮೋಚ್ಚ ಧರ್ಮಗುರುವನ್ನು (ಪೇಟ್ರಿಯಾರ್ಕ್) ಹೊಂದಿರುವ ಸ್ವತಂತ್ರ ಚರ್ಚ್. ಈ ವ್ಯತ್ಯಾಸ ತಿಳಿಯದೆ ಪಟ್ಟಿ ಬರೆದವರು ಕಾಲ, ಊರುಗಳನ್ನೂ ಊಹಿಸಿಯೇ ಬರೆದಿರುತ್ತಾರೆ.

ಹಂತ 2: ಮುಟ್ಟಬಾರದ್ದನ್ನು ಮೊದಲೇ ಬರೆದಿಟ್ಟುಕೊಳ್ಳಿ

ಆಸೆ ಹುಟ್ಟಿದ ಮೇಲೆ ನಿಯಮ ಮಾಡಿದರೆ ಪ್ರಯೋಜನವಿಲ್ಲ. ಈ ಪಟ್ಟಿಯನ್ನು ಕೊಳ್ಳುವ ಮುಂಚೆಯೇ ಮಾಡಿಕೊಳ್ಳಿ.

ತಾಬೋತ್. ಇಥಿಯೋಪಿಯಾದ ಪ್ರತಿ ಚರ್ಚಿನ ಗರ್ಭಗುಡಿಯಲ್ಲಿರುವ ಪವಿತ್ರ ಫಲಕ ಇದು. ಮರದ್ದೋ ಕಲ್ಲಿನದೋ ಆಗಿರುತ್ತದೆ. ಅರ್ಚಕರ ಹೊರತು ಯಾರೂ ಕಣ್ಣಿನಿಂದಲೂ ನೋಡುವಂತಿಲ್ಲ. ಜನವರಿಯ ತಿಮ್ಕತ್ ಹಬ್ಬದಲ್ಲಿ ಹೊರಗೆ ತರುವಾಗಲೂ ವಸ್ತ್ರ ಸುತ್ತಿ ತಲೆಯ ಮೇಲೆ ಹೊತ್ತು ಬರುತ್ತಾರೆ. ನಮ್ಮೂರ ದೇವಸ್ಥಾನದ ಉತ್ಸವಮೂರ್ತಿಯನ್ನು ಯಾರೋ ಹರಾಜಿಗಿಟ್ಟರೆ ಹೊಟ್ಟೆಯಲ್ಲಿ ಹೇಗಾಗುತ್ತದೋ, ಅಲ್ಲಿಯ ಭಕ್ತರಿಗೂ ಹಾಗೆಯೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 11 ತಾಬೋತ್‌ಗಳಿವೆ. ಅವನ್ನು ಪ್ರದರ್ಶನಕ್ಕಿಡುವುದಿಲ್ಲ, ಸಿಬ್ಬಂದಿ ಕೂಡ ನೋಡುವುದಿಲ್ಲ.

ಮಗ್ಡಾಲದ ಲೂಟಿ. 1868ರಲ್ಲಿ ಇಥಿಯೋಪಿಯಾದ ಚಕ್ರವರ್ತಿ ತೆವೊದ್ರೋಸ್‌ನ ಮಗ್ಡಾಲ ಕೋಟೆಯನ್ನು ಬ್ರಿಟಿಷ್ ಪಡೆ ಹಿಡಿದು, ಕಿರೀಟ, ಚಿನ್ನದ ಪೂಜಾಪಾತ್ರೆ, ಶಿಲುಬೆ, ನೂರಾರು ಹಸ್ತಪ್ರತಿಗಳನ್ನು ಹೊತ್ತೊಯ್ದಿತು. ಇದರಲ್ಲಿ ನಮ್ಮ ಸಂಬಂಧವೂ ಇದೆ. ದಂಡು ಹೊರಟದ್ದು ಬಾಂಬೆಯಿಂದ. ಸೈನಿಕರಲ್ಲಿ ದೊಡ್ಡ ಪಾಲು ಭಾರತೀಯರು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ದಳದ ಯುದ್ಧಗೌರವಗಳಲ್ಲಿ ಇಥಿಯೋಪಿಯಾದ ಹಳೆಯ ಹೆಸರಾದ ‘ಅಬಿಸೀನಿಯಾ’ ಇಂದಿಗೂ ಇದೆ. ಹಾಗಾಗಿ ಹಳೆಯ ಸೈನಿಕ ಕುಟುಂಬದ್ದು ಎಂದು ಹೇಳಿಕೊಂಡು ಇಥಿಯೋಪಿಯಾದ ಚರ್ಚಿನ ವಸ್ತು ಭಾರತದಲ್ಲಿ ಮಾರಾಟಕ್ಕೆ ಬಂದರೆ ಎರಡು ಪಟ್ಟು ಎಚ್ಚರವಾಗಿರಿ. 1868 ಎಂಬ ಇಸವಿ ಅಲ್ಲಿ ಹಿರಿಮೆಯ ಗುರುತಲ್ಲ.

ಬೆನಿನ್. ಇಲ್ಲಿ ಹೇಳುತ್ತಿರುವುದು ಬೆನಿನ್ ದೇಶವಲ್ಲ, ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರದ ಅರಸೊತ್ತಿಗೆ. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಅರಮನೆಯನ್ನು ಸೂರೆಮಾಡಿ ಸಾವಿರಾರು ಹಿತ್ತಾಳೆ ಫಲಕ, ತಲೆವಿಗ್ರಹ, ದಂತದ ಕೆತ್ತನೆಗಳನ್ನು ಸಾಗಿಸಿದರು. 2022ರಲ್ಲಿ ಜರ್ಮನಿ, ಅಮೆರಿಕದ ಸ್ಮಿತ್‌ಸೋನಿಯನ್, ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ ತಮ್ಮಲ್ಲಿದ್ದವುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಡತೊಡಗಿದವು. ಮ್ಯೂಸಿಯಂಗಳೇ ಹಿಂದಿರುಗಿಸುತ್ತಿರುವಾಗ ಖಾಸಗಿಯವರು ಕೊಳ್ಳಲು ಹೊರಡುವುದು ಯಾವ ನ್ಯಾಯ? ಬೆನಿನ್ ನಗರದ ಇಗುನ್ ಬೀದಿಯಲ್ಲಿ ಎರಕದ ಮನೆತನಗಳು ಇಂದಿಗೂ ಕೆಲಸ ಮಾಡುತ್ತಿವೆ. ಅವರಿಂದ ಹೊಸದನ್ನು ಹೊಸದೆಂದೇ, ಮಾಡಿದವರ ಹೆಸರು ಬರೆಸಿಕೊಂಡು ಕೊಳ್ಳಿ. ಅದು ಒಳ್ಳೆಯ ಸಂಗ್ರಹ.

ಅಸಾಂಟೆ ರಾಜಧಾನಿ ಕುಮಾಸಿಯ ಅರಮನೆಯ ಚಿನ್ನವೂ ಇದೇ ಸಾಲಿಗೆ ಸೇರುತ್ತದೆ. 1874ರಲ್ಲಿ ಬ್ರಿಟಿಷರು ದೋಚಿದ ಅಸಾಂಟೆ ಒಡವೆಗಳಲ್ಲಿ ಕೆಲವು 2024ರಲ್ಲಿ ಸಾಲದ ರೂಪದಲ್ಲಿ ಕುಮಾಸಿಗೆ ಮರಳಿದವು.

ಮಣ್ಣಿನಿಂದ ತೆಗೆದವು. ಮ್ಯೂಸಿಯಂಗಳ ಅಂತಾರಾಷ್ಟ್ರೀಯ ಮಂಡಳಿ 2000ದಲ್ಲಿ ಆಫ್ರಿಕಾದ ಪುರಾತತ್ವ ವಸ್ತುಗಳ ‘ಕೆಂಪು ಪಟ್ಟಿ’ ಹೊರಡಿಸಿತು. ಇಫೆಯ ಕಂಚು, ನೈಜರ್ ಕಣಿವೆಯ ಕಂಚು, ಚಾಡ್ ಸುತ್ತಲಿನ ಸಾವೊ ಕಂಚು, ಬುರಾ ವಸ್ತುಗಳು ಅದರಲ್ಲಿವೆ. ಪಟ್ಟಿ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನು ನೈಜೀರಿಯಾ ಕಡೆಯ ಯೊರುಬಾ ಜನರ ‘ಎದಾನ್’ ಬಗ್ಗೆ ಅನೇಕರು ಕೇಳುತ್ತಾರೆ. ಗಂಡುಹೆಣ್ಣಿನ ಎರಡು ಹಿತ್ತಾಳೆ ಆಕೃತಿಗಳು, ತಲೆಗಳ ನಡುವೆ ಸರಪಳಿ. ಒಗ್ಬೋನಿ ಎಂಬ ಹಿರಿಯರ ಸಂಘದ ಸದಸ್ಯತ್ವದ ಗುರುತು ಅದು. ಸಂಘ ಇಂದಿಗೂ ಜೀವಂತವಾಗಿದೆ, ನಕಲಿಗಳೂ ಲೆಕ್ಕವಿಲ್ಲದಷ್ಟಿವೆ. ಹೊಸಬರು ದೂರವಿರುವುದು ಲೇಸು.

ಹಂತ 3: ಕೈದಾಟದ ಚರಿತ್ರೆ ಕೇಳಿ

ಪ್ರಾವನೆನ್ಸ್ ಎಂಬ ಮಾತು ಹರಾಜು ಪಟ್ಟಿಗಳಲ್ಲಿ ಕಾಣುತ್ತದೆ. ವಸ್ತು ಎಲ್ಲಿಂದ ಹೊರಟು, ಯಾರ ಯಾರ ಕೈ ದಾಟಿ, ಯಾವಾಗ ಯಾವ ದೇಶಕ್ಕೆ ಬಂತು ಎಂಬ ಚರಿತ್ರೆಗೆ ಹಾಗೆನ್ನುತ್ತಾರೆ. ವಸ್ತು ಎಷ್ಟೇ ಸೊಗಸಾಗಿರಲಿ, ಈ ಚರಿತ್ರೆ ಇಲ್ಲದಿದ್ದರೆ ಕೈ ಬಿಡಿ. ಬೆಲೆ ಕೇಳುವ ಮುನ್ನ ಇದನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ ಅರ್ಧದಷ್ಟು ವ್ಯಾಪಾರಿಗಳು ಅಲ್ಲಿಯೇ ಮಾತು ನಿಲ್ಲಿಸುತ್ತಾರೆ. ಅದೂ ಒಂದು ಉತ್ತರವೇ.

ಯಾವುದನ್ನು ಕಾಗದಪತ್ರ ಎನ್ನಬಹುದು? ಹಳೆಯ ಹರಾಜು ಪಟ್ಟಿಯಲ್ಲಿ ಅದೇ ವಸ್ತುವಿನ ಚಿತ್ರ, ಇಸವಿ ಇರುವ ರಸೀದಿ, ರಫ್ತು ಪರವಾನಗಿ, ಮನೆಯ ಹಳೆಯ ಫೋಟೊದಲ್ಲಿ ಗೋಡೆಯ ಮೇಲೆ ಕಾಣುವ ವಸ್ತು, ಪ್ರದರ್ಶನಕ್ಕೆ ಕೊಟ್ಟಾಗಿನ ಪತ್ರ. ಇವೆಲ್ಲ ನಡೆಯುತ್ತವೆ. "ಯುರೋಪಿನ ಖಾಸಗಿ ಸಂಗ್ರಹ" ಎಂಬ ಒಂದು ಸಾಲು ನಡೆಯುವುದಿಲ್ಲ. ಮಾರುವವರೇ ತಯಾರಿಸಿ ಮುದ್ರೆ ಒತ್ತಿದ ‘ಅಸಲಿತನದ ಪ್ರಮಾಣಪತ್ರ’ವೂ ನಡೆಯುವುದಿಲ್ಲ. ಅದು ಮಾರುವವರ ಮಾತನ್ನೇ ಇನ್ನೊಮ್ಮೆ ಹೇಳುತ್ತದೆ, ಅಷ್ಟೇ.

ಇಸವಿಯ ವಿಷಯದಲ್ಲಿ 1970 ಒಂದು ಮೈಲಿಗಲ್ಲು. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದ ಆದದ್ದು ಆ ವರ್ಷ. ಭಾರತ 1977ರಲ್ಲಿ ಒಪ್ಪಿಕೊಂಡಿತು. ವಸ್ತು 1970ಕ್ಕೆ ಮುಂಚೆಯೇ ಆಫ್ರಿಕಾದಿಂದ ಹೊರಗಿತ್ತು ಎಂದು ತೋರಿಸುವ ದಾಖಲೆ ಇದ್ದರೆ ಮ್ಯೂಸಿಯಂಗಳು ಸ್ವಲ್ಪ ನಿರಾಳವಾಗುತ್ತವೆ. ಆದರೆ 1868, 1897ರ ಲೂಟಿಗೆ ಈ ಲೆಕ್ಕ ರಕ್ಷಣೆ ಕೊಡದು.

ಇಂಟರ್‌ಪೋಲ್‌ನ ‘ಐಡಿ-ಆರ್ಟ್’ ಎಂಬ ಉಚಿತ ಆ್ಯಪ್ ಇದೆ. ಫೋಟೊ ಹಾಕಿದರೆ ಕಳವಾದ ಕಲಾವಸ್ತುಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತದೆ. ಅದರಲ್ಲಿ ಸಿಗಲಿಲ್ಲ ಎಂದರೆ ಕಳವಿನದಲ್ಲ ಎಂದರ್ಥವಲ್ಲ. ಹಳ್ಳಿಯ ಚರ್ಚಿನಿಂದ ಹೋದದ್ದನ್ನು ಯಾರೂ ಪಟ್ಟಿಗೆ ಹಾಕಿಸಿರಲಾರರು.

ಇಥಿಯೋಪಿಯಾದ ಲಾಲಿಬೆಲಾ ಊರಿನ ‘ಆಫ್ರೊ ಅಯಿಗೆಬಾ’ ಎಂಬ ಶಿಲುಬೆಯ ಕಥೆ ಇಲ್ಲಿ ಹೇಳಲೇಬೇಕು. ಬೇತೆ ಮೆಧಾನೆ ಅಲೆಂ ಚರ್ಚಿನ ಆ ದೊಡ್ಡ ಶಿಲುಬೆ 1997ರಲ್ಲಿ ಕಳವಾಯಿತು. ಬೆಲ್ಜಿಯಂನ ಸಂಗ್ರಾಹಕರೊಬ್ಬರು ದುಡ್ಡು ಕೊಟ್ಟು ಕೊಂಡಿದ್ದರು. 2001ರಲ್ಲಿ ಅದು ಲಾಲಿಬೆಲಾಕ್ಕೆ ಮರಳಿತು. ಅಷ್ಟು ಹೆಸರಾಂತ ವಸ್ತುವೇ ಗಡಿ ದಾಟಿ ಸಂಗ್ರಾಹಕರ ಮನೆ ಸೇರಬಲ್ಲದು ಎಂದ ಮೇಲೆ ಹೆಸರಿಲ್ಲದವುಗಳ ಗತಿ ಏನು?

ಹಂತ 4: ಟ್ರಂಕಿನಲ್ಲಿ ಸಿಕ್ಕಿದ್ದರೆ

ಮನೆಯ ಹಿರಿಯರಿಂದ ಬಂದ ವಸ್ತುವಿಗೆ ಬೇರೆ ಕ್ರಮ. ಹಿರಿಯರು ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಊರಿನಲ್ಲಿದ್ದರು ಎಂದು ಬರೆದಿಡಿ. ಅವರ ಹಳೆಯ ಪಾಸ್‌ಪೋರ್ಟ್, ನೇಮಕಾತಿ ಪತ್ರ, ಅಲ್ಲಿಂದ ಬರೆದ ಕಾಗದಗಳನ್ನು ಜೋಪಾನವಾಗಿ ತೆಗೆದಿಡಿ. ಟ್ರಂಕ್ ಖಾಲಿಮಾಡುವ ಉತ್ಸಾಹದಲ್ಲಿ ಇವನ್ನೇ ರದ್ದಿಗೆ ಹಾಕುವ ಮನೆಗಳಿವೆ, ದಯವಿಟ್ಟು ಹಾಗೆ ಮಾಡಬೇಡಿ. ಹಿತ್ತಾಳೆ ಎಲ್ಲಿಯಾದರೂ ಸಿಗುತ್ತದೆ, ಆ ಕಾಗದ ಸಿಗುವುದಿಲ್ಲ.

ಆಮೇಲೆ ಶಿಲುಬೆಯ ಹಿಂಬದಿ ನೋಡಿ. ಇಥಿಯೋಪಿಯಾದ ಗೀಝ್ ಲಿಪಿಯಲ್ಲಿ ಕೊರೆದ ಅಕ್ಷರಗಳಿದ್ದರೆ ಓರೆಬೆಳಕಿನಲ್ಲಿ ಫೋಟೊ ತೆಗೆದು, ಓದಬಲ್ಲವರಿಂದ ಓದಿಸಿ. ವ್ಯಕ್ತಿಯ ಹೆಸರು ಮಾತ್ರ ಇದ್ದರೆ ಅದು ಒಡವೆ ಇರಬಹುದು. ಚರ್ಚಿನ ಹೆಸರೋ, ಚರ್ಚಿಗೆ ಅರ್ಪಿಸಿದ ಮಾತೋ ಇದ್ದರೆ ಅದು ಆ ಚರ್ಚಿನದು. ಶಿಲುಬೆ ಅಂಗೈ ಮೀರಿ ದೊಡ್ಡದಾಗಿದ್ದು, ಕೆಳಗೆ ಕೋಲು ಸಿಕ್ಕಿಸುವ ಕೊಳವೆ, ಪಕ್ಕದಲ್ಲಿ ಬಟ್ಟೆ ಕಟ್ಟುವ ಬಳೆಗಳಿದ್ದರೆ ಅದು ಮೆರವಣಿಗೆ ಶಿಲುಬೆ. ಅದೂ ಮನೆಯದಲ್ಲ, ಚರ್ಚಿನದೇ. ನವದೆಹಲಿಯ ಇಥಿಯೋಪಿಯಾ ರಾಯಭಾರ ಕಚೇರಿಗೆ ಫೋಟೊ ಸಮೇತ ಪತ್ರ ಬರೆದು ಕೇಳಿ. ಮಾರಲು ಹೋಗಬೇಡಿ.

ಹಂತ 5: ಕಣ್ಣು, ಕೈ, ತಕ್ಕಡಿ

ಬೇಕಾದ ಸಾಮಾನು ಹೆಚ್ಚಿಲ್ಲ: ಅಕ್ಕಸಾಲಿಗರು ಬಳಸುವ 10 ಪಟ್ಟು ಹಿಗ್ಗಿಸಿ ತೋರಿಸುವ ಮಸೂರ, ಹತ್ತನೇ ಒಂದು ಗ್ರಾಂ ತೋರಿಸುವ ತಕ್ಕಡಿ, ಅಯಸ್ಕಾಂತ, ಟಾರ್ಚು, ಹತ್ತಿ, ಸ್ವಲ್ಪ ಅಸಿಟೋನ್.

ಅಕಾನ್ ಬಟ್ಟಿನಿಂದ ಶುರುಮಾಡೋಣ. ಅದು ಮೇಣದ ಎರಕದ ಕೆಲಸ, ನಮ್ಮ ದಕ್ಷಿಣದ ಪಂಚಲೋಹ ವಿಗ್ರಹಗಳ ಮಾದರಿಯಲ್ಲೇ. ಮೊದಲು ಮೇಣದಲ್ಲಿ ಆಕೃತಿ, ಅದರ ಮೇಲೆ ಇದ್ದಿಲಪುಡಿ ಬೆರೆಸಿದ ಜೇಡಿಮಣ್ಣಿನ ಲೇಪ, ಕಾಯಿಸಿ ಮೇಣ ಇಳಿಸುವುದು, ಆ ಟೊಳ್ಳಿಗೆ ಲೋಹ. ಅಸಾಂಟೆ ಕುಶಲಕರ್ಮಿಗಳು ಲೋಹ ಕರಗಿಸುವ ಮೂಸೆಯನ್ನು ಅಚ್ಚಿಗೇ ಜೋಡಿಸಿ ಮುಚ್ಚಿಬಿಡುತ್ತಾರೆ. ಬೆಂಕಿಯಲ್ಲಿ ಕರಗಿದ ಮೇಲೆ ಇಡಿಯಾಗಿ ತಲೆಕೆಳಗು ಮಾಡಿದರೆ ಲೋಹ ತಾನೇ ಇಳಿಯುತ್ತದೆ. ಅಚ್ಚು ಒಡೆದು ತೆಗೆಯಬೇಕಾದ್ದರಿಂದ ಎರಡು ಬಟ್ಟುಗಳು ಪೂರ್ತಿ ಒಂದೇ ರೀತಿ ಇರಲಾರವು. ಮಾರುವವರ ಬಳಿ ಒಂದೇ ಮೊಸಳೆ ಹತ್ತು ಪ್ರತಿ ಇದ್ದರೆ ಅವು ಬಟ್ಟುಗಳಲ್ಲ.

ಮಸೂರದಲ್ಲಿ ನೋಡಿ. ಕೂದಲು, ಬಟ್ಟೆಯ ಅಂಚು, ಸುರುಳಿಗಳು ಮೇಣದ ಸಣ್ಣ ಎಳೆಯನ್ನು ಅಂಟಿಸಿ ಮಾಡಿದವು. ಎಳೆ ಎಲ್ಲಿ ಶುರುವಾಯಿತು, ಎಲ್ಲಿ ಚಿವುಟಿ ಮುಗಿಸಿದರು ಎಂಬುದು ಹಿತ್ತಾಳೆಯಲ್ಲೂ ಕಾಣುತ್ತದೆ. ಕೆಲವು ಬಟ್ಟುಗಳನ್ನು ನಿಜವಾದ ಶೇಂಗಾಕಾಯಿಗೆ, ಜೀರುಂಡೆಗೆ ನೇರವಾಗಿ ಮಣ್ಣು ಲೇಪಿಸಿ, ಅದನ್ನೇ ಸುಟ್ಟು ಆ ಟೊಳ್ಳಿಗೆ ಎರಕ ಹೊಯ್ದಿದ್ದಾರೆ. ಅಂಥ ಶೇಂಗಾದ ಸಿಪ್ಪೆಯ ಬಲೆ ಬಲೆಯಾದ ಗೀರು ಅಷ್ಟೂ ಉಳಿದಿರುತ್ತದೆ. ಬಳಕೆಯಲ್ಲಿದ್ದ ಬಟ್ಟಿನ ಸವೆತ ಎತ್ತರದ ಭಾಗಗಳಲ್ಲಿ ಮಾತ್ರ ಇರುತ್ತದೆ: ಹಕ್ಕಿಯ ಬೆನ್ನು, ಮೊಸಳೆಯ ಮೂತಿ, ತಳದ ಅಂಚು. ಸಂದುಗಳಲ್ಲಿ ಹಳೆಯ ಕಪ್ಪು ಉಳಿದಿರುತ್ತದೆ. ಇಡೀ ಮೈ ಒಂದೇ ಸಮ ಸವೆದಂತಿದ್ದರೆ ಯಂತ್ರದಲ್ಲಿ ಉಜ್ಜಿದ್ದಾರೆ. ತಳ ತಿರುಗಿಸಿ ನೋಡುವುದನ್ನು ಮರೆಯಬೇಡಿ. ತೂಕ ಕಡಿಮೆ ಬಿದ್ದಾಗ ಸೀಸ ತುಂಬಿ, ಹೆಚ್ಚಾದಾಗ ಅರದಿಂದ ಉಜ್ಜಿ ಸರಿಪಡಿಸುತ್ತಿದ್ದರು. ತಳದಲ್ಲಿ ಬೂದುಬಣ್ಣದ ಸೀಸದ ಗುಂಡಿ ಕಂಡರೆ ಸಂತೋಷಪಡಿ. ಅದನ್ನು ಯಾರೋ ತಕ್ಕಡಿಯಲ್ಲಿ ಇಟ್ಟು ವ್ಯಾಪಾರ ಮಾಡಿದ್ದರು. ಪ್ರವಾಸಿಗರಿಗಾಗಿ ಮಾಡಿದವು ಸಾಮಾನ್ಯವಾಗಿ ದೊಡ್ಡವು. ಅಂಗೈ ತುಂಬುವ ‘ಬಟ್ಟು’ ಚಿನ್ನದ ಪುಡಿ ತೂಗುವುದಕ್ಕೆ ಆಗುವಂಥದ್ದಲ್ಲ.

ಕಾಲದ ಪೊರೆ, ಅಂದರೆ ಪ್ಯಾಟಿನಾ, ಹೆಚ್ಚು ಮೋಸ ನಡೆಯುವ ಜಾಗ. ಹೊಸ ಹಿತ್ತಾಳೆಯನ್ನು ಆಮ್ಲದಲ್ಲಿ ಅದ್ದಿ, ಮಣ್ಣಲ್ಲಿ ಹೂತು, ಬೂಟ್ ಪಾಲಿಷ್ ಬಳಿದು ಹಳೆಯದಾಗಿಸುತ್ತಾರೆ. ಮಾರುವವರ ಅನುಮತಿ ಪಡೆದು, ಕಾಣದ ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿಯಿಂದ ಒತ್ತಿ ತೆಗೆಯಿರಿ. ಹತ್ತಿಗೆ ಕಂದು ಅಥವಾ ಹಸಿರು ಬಣ್ಣ ಹತ್ತಿದರೆ ಅದು ಬಳಿದದ್ದು. ನಿಜವಾದ ಪೊರೆ ಲೋಹದಿಂದಲೇ ಬೆಳೆದಿರುತ್ತದೆ, ಹಾಗೆ ಬಿಟ್ಟುಬರುವುದಿಲ್ಲ.

ಇನ್ನು ಇಥಿಯೋಪಿಯಾದ ಬೆಳ್ಳಿ. ಅಲ್ಲಿಯ ಅಕ್ಕಸಾಲಿಗರಿಗೆ ಬೆಳ್ಳಿ ಸಿಗುತ್ತಿದ್ದದ್ದು ಹೆಚ್ಚಾಗಿ ಮಾರಿಯಾ ತೆರೇಸಾ ಥಾಲರ್ ಎಂಬ ಆಸ್ಟ್ರಿಯಾದ ನಾಣ್ಯದಿಂದ. ತೂಕ ಸುಮಾರು 28 ಗ್ರಾಂ, ಸಾವಿರಕ್ಕೆ 833 ಪಾಲು ಬೆಳ್ಳಿ. ಕೆಂಪು ಸಮುದ್ರದ ಸುತ್ತಲಿನ ವ್ಯಾಪಾರದಲ್ಲಿ ಅದಕ್ಕೆ ಅಪಾರ ನಂಬಿಕೆ. ಆದ್ದರಿಂದ ರಾಣಿ ತೀರಿಕೊಂಡ ಮೇಲೂ 1780 ಎಂಬ ಅದೇ ಇಸವಿ ಹಾಕಿ ಅಚ್ಚುಹಾಕುತ್ತಲೇ ಹೋದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬೆಯ ಟಂಕಸಾಲೆಯಲ್ಲೂ ಅಚ್ಚಾಗಿವೆ. ಆದಕಾರಣ ಶಿಲುಬೆಯ ಜೊತೆ ಕಟ್ಟಿದ ನಾಣ್ಯದಲ್ಲಿ 1780 ಎಂದಿದ್ದರೆ ಅದು ಯಾವ ಕಾಲವನ್ನೂ ಹೇಳುವುದಿಲ್ಲ. "240 ವರ್ಷ ಹಳೆಯದು ಸಾರ್, ಇಸವಿ ನೋಡಿ" ಎನ್ನುವವರಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ಬೆಳ್ಳಿಯ ಪ್ರಮಾಣ ತಿಳಿಯಲು ಒಡವೆ ಕೆಡಿಸಬೇಕಾಗಿಲ್ಲ. ನಮ್ಮ ಊರುಗಳ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ, ದೊಡ್ಡ ಚಿನ್ನದಂಗಡಿಗಳಲ್ಲಿ ಎಕ್ಸ್‌ರೇ ಹಾಯಿಸಿ ಲೋಹದ ಪ್ರಮಾಣ ತೋರಿಸುವ ಯಂತ್ರವಿದೆ. ಅದರಲ್ಲಿ ಎರಡು ಮೂರು ಕಡೆ ನೋಡಿಸಿ. ಶೇಕಡಾ 83ರ ಆಸುಪಾಸು ಬಂದರೆ ಥಾಲರ್ ಬೆಳ್ಳಿಯ ಕಡೆಗೆ ಬೊಟ್ಟು ಮಾಡುತ್ತದೆ. ಸರಿಯಾಗಿ 92.5 ಬಂದರೆ ಈಚಿನದಾಗಿರುವ ಸಂಭವ ಹೆಚ್ಚು. ಬೆಳ್ಳಿಯೇ ಇಲ್ಲದೆ ತಾಮ್ರ, ನಿಕ್ಕಲ್, ಸತು ಬಂದರೆ ಅದು ಜರ್ಮನ್ ಸಿಲ್ವರ್. ಯಂತ್ರ ಓದುವುದು ಮೇಲ್ಮೈಯನ್ನು ಮಾತ್ರ, ಹಾಗಾಗಿ ಮೇಲೆ ಬೆಳ್ಳಿಯ ಲೇಪ ಹಾಕಿದ್ದರೆ ಮೋಸಹೋಗುತ್ತದೆ. ಸವೆದ ಅಂಚಿನಲ್ಲೂ ನೋಡಿಸುವುದು ಇದಕ್ಕಾಗಿ. ಒರೆಗಲ್ಲಿಗೆ ಉಜ್ಜಲು, ಆಮ್ಲ ಹಾಕಲು ಬಿಡಬೇಡಿ.

ಕೊರಳ ಶಿಲುಬೆಯ ಸವೆತ ನೋಡುವ ಜಾಗ ಒಂದೇ: ಮೇಲಿನ ಬಳೆ. ವರ್ಷಾನುಗಟ್ಟಲೆ ದಾರಕ್ಕೆ ಜೋತುಬಿದ್ದ ಬಳೆಯ ಒಳಮೈ ಮೇಲುಭಾಗದಲ್ಲಿ ತೆಳುವಾಗಿರುತ್ತದೆ. ಮೈಗೆ ತಾಗುತ್ತಿದ್ದ ಹಿಂಬದಿ ನುಣುಪಾಗಿರುತ್ತದೆ. ಮುಂಬದಿ ಸವೆದು ಬಳೆ ಮಾತ್ರ ಹೊಸದಾಗಿ ದುಂಡಗಿದ್ದರೆ, ಬಳೆ ಬದಲಾಗಿದೆಯೋ ಸವೆತವೇ ಸುಳ್ಳೋ ಎಂದು ಕೇಳಿ.

ವಿಜ್ಞಾನದ ಪರೀಕ್ಷೆಗಳ ಬಗ್ಗೆ ಒಂದು ಮಾತು. ಹಿತ್ತಾಳೆಗೆ ಎಷ್ಟು ವಯಸ್ಸು ಎಂದು ನೇರವಾಗಿ ಹೇಳುವ ಪರೀಕ್ಷೆ ಇಲ್ಲ. ಥರ್ಮೊಲ್ಯೂಮಿನೆಸೆನ್ಸ್ ಎಂಬುದು ಮಣ್ಣು ಕೊನೆಯ ಸಲ ಕಾದದ್ದು ಯಾವಾಗ ಎಂದು ಅಂದಾಜಿಸುತ್ತದೆ. ಎರಕದ ಒಳಗೆ ಮಣ್ಣಿನ ತಿರುಳು ಉಳಿದಿದ್ದರೆ ಮಾತ್ರ ಉಪಯೋಗ. ಸಣ್ಣ ಬಟ್ಟು, ಶಿಲುಬೆಗಳಿಗೆ ಅದರ ಹೆಸರು ಹೇಳಿ ಪ್ರಮಾಣಪತ್ರ ಕೊಟ್ಟರೆ ಅನುಮಾನಪಡಿ.

ಹಂತ 6: ಗಡಿ ದಾಟಿಸುವುದು

ಘಾನಾ, ನೈಜೀರಿಯಾ, ಇಥಿಯೋಪಿಯಾ ಮೂರರಲ್ಲೂ ಹಳೆಯ ವಸ್ತು ಹೊರಗೆ ತರಲು ಅಲ್ಲಿಯ ಪರಂಪರೆ ಇಲಾಖೆಯ ಅನುಮತಿ ಬೇಕು. ಘಾನಾದಲ್ಲಿ ಮ್ಯೂಸಿಯಂ ಮತ್ತು ಸ್ಮಾರಕ ಮಂಡಳಿ, ನೈಜೀರಿಯಾದಲ್ಲಿ ಮ್ಯೂಸಿಯಂ ಮತ್ತು ಸ್ಮಾರಕಗಳ ರಾಷ್ಟ್ರೀಯ ಆಯೋಗ, ಇಥಿಯೋಪಿಯಾದಲ್ಲಿ ಪರಂಪರೆ ಪ್ರಾಧಿಕಾರ. ಹೊಸ ವಸ್ತು ಕೊಂಡಿದ್ದರೂ ಹಳೆಯದರಂತೆ ಕಂಡರೆ ‘ಇದು ಪುರಾತನವಲ್ಲ’ ಎಂಬ ಪತ್ರ ಮಾಡಿಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ವಾದ ಮಾಡುವುದಕ್ಕಿಂತ ಅದು ಸುಲಭ.

ಭಾರತದ ಕಡೆ ಎರಡು ವಿಷಯ ಗಮನದಲ್ಲಿರಲಿ. ಮೊದಲನೆಯದು, ವಸ್ತುವಿಗೆ ದಂತ, ಚಿರತೆಯ ಚರ್ಮ, ಉಗುರು, ಗರಿ ಕಟ್ಟಿದ್ದರೆ ವನ್ಯಜೀವಿ ಕಾಯ್ದೆ ಮತ್ತು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದ ಎರಡೂ ಅಡ್ಡ ಬರುತ್ತವೆ. ಆಫ್ರಿಕಾದ ಪೂಜಾವಸ್ತುಗಳಲ್ಲಿ ಇವು ಸಾಮಾನ್ಯ. ಬಿಚ್ಚಿ ತೆಗೆದು ತರುತ್ತೇನೆ ಎಂದರೆ ವಸ್ತುವೂ ಹಾಳು, ತಪ್ಪೂ ತಪ್ಪೇ. ಎರಡನೆಯದು, ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. 100 ವರ್ಷ ಮೀರಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮಗಳು ಅಮೆರಿಕಕ್ಕೆ ಹೋಗುವಾಗ ಕೊಟ್ಟು ಕಳಿಸುತ್ತೇನೆ ಎಂದುಕೊಂಡರೆ ಇದು ತೊಡಕಾಗುತ್ತದೆ. ಆದ್ದರಿಂದ ತರುವಾಗಲೇ ಇದ್ದುದನ್ನು ಇದ್ದಂತೆ ಘೋಷಿಸಿ, ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿಯನ್ನು ಜೋಪಾನವಾಗಿಡಿ. ಅನುಮಾನವಿದ್ದರೆ ತರುವ ಮುನ್ನವೇ ಪುರಾತತ್ವ ಇಲಾಖೆಯವರನ್ನು ಕೇಳಿ. ‘ಗೃಹಾಲಂಕಾರ ಸಾಮಾನು’ ಎಂದು ಬರೆದು ಕೊರಿಯರ್ ಮಾಡುತ್ತೇವೆ ಎನ್ನುವ ವ್ಯಾಪಾರಿಯ ಮಾತು ಕೇಳಬೇಡಿ. ಸಿಕ್ಕಿಬಿದ್ದರೆ ಉತ್ತರ ಹೇಳಬೇಕಾದವರು ನೀವು.

ಹಂತ 7: ತಿಕ್ಕಬೇಡಿ

ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ. ದೀಪಕ್ಕೆ, ಚೆಂಬಿಗೆ ಅದು ಸರಿ. ಅಕಾನ್ ಬಟ್ಟಿಗೆ ಹುಣಸೆಹಣ್ಣು, ನಿಂಬೆ, ಪೀತಾಂಬರಿ ಪುಡಿ, ಬೂದಿ ಯಾವುದೂ ಬೇಡ. ನೂರಾರು ವರ್ಷಗಳ ಪೊರೆಯೂ, ಸಂದಿನಲ್ಲಿ ಉಳಿದ ಅಚ್ಚಿನ ಮಣ್ಣೂ ಒಂದೇ ಬೆಳಗ್ಗೆ ಹೋಗಿಬಿಡುತ್ತವೆ. ಅದರ ಜೊತೆ ಬೆಲೆಯೂ, ಅದು ಹಳೆಯದೆಂಬ ಸಾಕ್ಷಿಯೂ ಹೋಗುತ್ತವೆ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ಕೊಡವಿದರೆ ಸಾಕು. ಮನೆಗೆ ಸಹಾಯಕ್ಕೆ ಬರುವವರಿಗೂ ಇದನ್ನು ತಿಳಿಸಿ ಹೇಳಿ.

ಕಿಲುಬಿನಲ್ಲಿ ಎರಡು ಬಗೆ. ಗಟ್ಟಿಯಾಗಿ ಕೂತ ಗಾಢ ಹಸಿರು ಅಪಾಯವಲ್ಲ. ತಿಳಿಹಸಿರು ಪುಡಿ ಚುಕ್ಕಿಚುಕ್ಕಿಯಾಗಿ ಎದ್ದು, ಒರೆಸಿದರೂ ಮತ್ತೆ ಬಂದರೆ ಅದು ಕಂಚಿನ ರೋಗ. ಲೋಹದೊಳಗಿನ ಕ್ಲೋರೈಡ್ ಉಪ್ಪು ಗಾಳಿಯ ತೇವದೊಂದಿಗೆ ಸೇರಿ ತಿನ್ನುತ್ತಾ ಹೋಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲ ಇದಕ್ಕೆ ಹೇಳಿಮಾಡಿಸಿದಂತಿದೆ. ಅಂಥದ್ದನ್ನು ಬೇರೆಯವುಗಳಿಂದ ದೂರವಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗೆ ಸಣ್ಣ ತೇವಮಾಪಕ ಇಟ್ಟು ತೇವಾಂಶ ಶೇಕಡಾ 40ಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳಿ. ಚಿಕಿತ್ಸೆಯನ್ನು ಮ್ಯೂಸಿಯಂಗಳ ಸಂರಕ್ಷಣಾ ತಜ್ಞರಿಗೆ ಬಿಡಿ.

ಬೆಳ್ಳಿಗೆ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಹಳೆಯ ಪೇಪರ್ ತಾಗಿಸಬೇಡಿ, ಕಪ್ಪಾಗುತ್ತದೆ. ತಳದಲ್ಲಿ ಸೀಸವಿರುವ ಬಟ್ಟುಗಳನ್ನು ಚೆಂದ ಕಾಣುತ್ತದೆಂದು ಮರದ ಪೆಟ್ಟಿಗೆಯಲ್ಲಿಟ್ಟರೆ ಮರದಿಂದ ಹೊಮ್ಮುವ ಆಮ್ಲಕ್ಕೆ ಸೀಸ ಬಿಳಿ ಪುಡಿಯಾಗುತ್ತದೆ. ಆ ಪುಡಿ ವಿಷ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಕಿಸ್ಸಿ ಹಣದಂಥ ಕಬ್ಬಿಣವನ್ನು ಒಣಗಿಟ್ಟರೆ ಸಾಕು. ತುಕ್ಕು ಉದುರುತ್ತಿದ್ದರೆ ತಜ್ಞರಿಗೆ ತೋರಿಸಿ. ಎಣ್ಣೆ ಹಚ್ಚಿದರೆ ಧೂಳು ಅಂಟಿ ಇನ್ನಷ್ಟು ಕೆಡುತ್ತದೆ.

ಹಂತ 8: ವಸ್ತು ಬಂದ ದಿನವೇ ಬರೆಯಿರಿ

ಒಂದು ದಪ್ಪ ರಟ್ಟಿನ ಪುಸ್ತಕ ಇಡಿ. ಪ್ರತಿ ವಸ್ತುವಿಗೆ ಒಂದು ಸಂಖ್ಯೆ, ಒಂದು ಪುಟ. ಅಳತೆ, ಗ್ರಾಂ ಲೆಕ್ಕದಲ್ಲಿ ತೂಕ, ಲೋಹ, ಎಲ್ಲಿ ಯಾರಿಂದ ಯಾವಾಗ ಎಷ್ಟಕ್ಕೆ ಕೊಂಡದ್ದು, ಅವರಿಗೆ ಎಲ್ಲಿಂದ ಬಂದದ್ದು, ಸವೆತ ಮತ್ತು ಮುರುಕು ಎಲ್ಲಿ, ಬರಹವಿದ್ದರೆ ಅದರ ನಕಲು. ಮುಂದೆ, ಹಿಂದೆ, ತಳ ಮೂರೂ ಕಡೆಯ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ. ವ್ಯಾಪಾರಿ ಹೇಳಿದ್ದನ್ನು ಒಂದು ಬಣ್ಣದ ಶಾಯಿಯಲ್ಲಿ, ನೀವು ಖಚಿತ ಮಾಡಿಕೊಂಡದ್ದನ್ನು ಇನ್ನೊಂದರಲ್ಲಿ ಬರೆಯಿರಿ. ಕೆಲವು ವರ್ಷವಾದ ಮೇಲೆ ಯಾವುದು ಕೇಳಿದ್ದು, ಯಾವುದು ತಿಳಿದದ್ದು ಎಂಬುದು ನಮಗೇ ಕಲಸಿಹೋಗುತ್ತದೆ. ವಸ್ತುವಿನ ಮೇಲೆ ಅಂಟುಚೀಟಿ ಹಚ್ಚಬೇಡಿ, ನೂಲಿನಲ್ಲಿ ಕಾಗದದ ಚೀಟಿ ಕಟ್ಟಿ ಸಂಖ್ಯೆ ಬರೆಯಿರಿ.

ಅಕಾನ್ ಬಟ್ಟು ಸಂಗ್ರಹಿಸುವವರು ತೂಕವನ್ನು ತಪ್ಪದೆ ಹತ್ತನೇ ಒಂದು ಗ್ರಾಂವರೆಗೆ ಬರೆಯಬೇಕು. ಆ ತೂಕಗಳು ಉತ್ತರ ಆಫ್ರಿಕಾದ ಮುಸ್ಲಿಂ ವ್ಯಾಪಾರಿಗಳ ಮಿತ್ಕಾಲ್, ಪೋರ್ಚುಗೀಸರ ಔನ್ಸ್, ಆಮೇಲಿನ ಟ್ರಾಯ್ ಔನ್ಸ್ ಇವುಗಳಿಗೆ ಹೊಂದಿಕೊಂಡು ಬೆಳೆದವು. ಹತ್ತಾರು ಬಟ್ಟುಗಳಾದ ಮೇಲೆ ತೂಕದ ಅನುಕ್ರಮದಲ್ಲಿ ಜೋಡಿಸಿದರೆ ಒಂದೇ ಅಳತೆಯ ಸುತ್ತ ಗುಂಪುಗೂಡುವುದು ನಿಮಗೇ ಕಾಣುತ್ತದೆ. ಯಾವ ಗುಂಪಿಗೂ ಸೇರದೆ ಉಳಿದದ್ದನ್ನು ಮತ್ತೆ ಮಸೂರದಡಿ ಇಟ್ಟು ನೋಡಿ.

ಪುಸ್ತಕದ ಪುಟಗಳ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿನಲ್ಲೂ ಇರುವಂತೆ ಮಾಡಿ. ರಸೀದಿ, ಪರವಾನಗಿ, ಬಿಲ್ ಆಫ್ ಎಂಟ್ರಿಯ ಮೂಲಪ್ರತಿಗಳನ್ನು ವಸ್ತುಗಳ ಜೊತೆಗಿಡದೆ ಬೇರೆ ಕಡೆ, ಬ್ಯಾಂಕ್ ಲಾಕರ್ ಇದ್ದರೆ ಅಲ್ಲಿ ಇಡಿ.